ಮರೆವಿನ ಕಾಯಿಲೆ ಬಂದಾಗ ಯಾವ ಕಾಗದ ಕೈಹಿಡಿಯುತ್ತದೆ, ಯಾವುದು ಕೈಕೊಡುತ್ತದೆ

ಮನೆಯ ಹಿರಿಯರಿಗೆ ಡಿಮೆನ್ಷಿಯಾ ಇದೆ ಎಂದು ಡಾಕ್ಟರು ಹೇಳಿದ ವಾರದಲ್ಲೇ ನೆಂಟರಿಷ್ಟರ ಕಡೆಯಿಂದ ಒಂದು ಸಲಹೆ ಬಂದೇ ಬರುತ್ತದೆ: "ಸುಮ್ನೆ ಒಂದು ಜಿಪಿಎ ಮಾಡಿಸಿ ಇಟ್ಕೊಂಡುಬಿಡಿ. ಮುಂದೆ ಯಾವ ತಲೆನೋವೂ ಇರಲ್ಲ." ಜಿಪಿಎ ಎಂದರೆ ಜನರಲ್ ಪವರ್ ಆಫ್ ಅಟಾರ್ನಿ, ತಮ್ಮ ಪರವಾಗಿ ವ್ಯವಹಾರ ಮಾಡಲು ಇನ್ನೊಬ್ಬರಿಗೆ ಅಧಿಕಾರ ಕೊಡುವ ಪತ್ರ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಅದೊಂದನ್ನೇ ನಂಬಿ ಕೂತ ಕುಟುಂಬಗಳು ಮೂರ್ನಾಲ್ಕು ವರ್ಷ ಕಳೆದ ಮೇಲೆ ಬ್ಯಾಂಕಿನಲ್ಲೋ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೋ ದಾರಿ ಕಾಣದೆ ನಿಲ್ಲುತ್ತವೆ.

ಕಾರಣ 1872ರ ಭಾರತೀಯ ಕರಾರು ಕಾಯ್ದೆಯ 201ನೇ ಸೆಕ್ಷನ್. ಅಧಿಕಾರ ಕೊಟ್ಟವರು ತೀರಿಕೊಂಡರೆ ಜಿಪಿಎ ಮುಗಿಯುತ್ತದೆ, ಇದು ಬಹಳ ಜನಕ್ಕೆ ಗೊತ್ತು. ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೂ ಅದು ಮುಗಿದಂತೆಯೇ. ಇದು ಗೊತ್ತಿರುವವರು ಕಡಿಮೆ. ಯಾವ ದಿನ ಬರುತ್ತದೆಂದು ಹೆದರಿ ಆ ಕಾಗದ ಮಾಡಿಸಿದರೋ, ಆ ದಿನ ಬಂದಾಗಲೇ ಅದಕ್ಕೆ ಬೆಲೆ ಇರುವುದಿಲ್ಲ. ಇಂಗ್ಲೆಂಡ್, ಅಮೆರಿಕಗಳಲ್ಲಿ ಬುದ್ಧಿ ಮಂಕಾದ ಮೇಲೂ ನಡೆಯುವ ಬೇರೆ ಬಗೆಯ ಪವರ್ ಆಫ್ ಅಟಾರ್ನಿ ಇದೆ. ಅಲ್ಲಿ ನೆಲೆಸಿದ ಮಕ್ಕಳು ಇಲ್ಲೂ ಹಾಗೇ ಇರುತ್ತದೆ ಅಂದುಕೊಳ್ಳುತ್ತಾರೆ. ನಮ್ಮ ದೇಶದಲ್ಲಿ ಅಂಥ ಕಾಗದ ಇಲ್ಲ.

ಹಾಗಂತ ಜಿಪಿಎ ದಂಡ ಅಲ್ಲ. ಕಾಯಿಲೆ ಇನ್ನೂ ಶುರುವಿನಲ್ಲಿದ್ದು, ಅಪ್ಪನಿಗೆ ವಿಷಯ ಅರ್ಥವಾಗುತ್ತಿದ್ದು, ಖಾತೆ ಕೆಲಸಕ್ಕೋ ಕರೆಂಟ್ ಕಚೇರಿಗೋ ಓಡಾಡಲು ಆಗದಿದ್ದರೆ ಆಗ ಅದು ಬೇಕು. ಆದರೆ ಕಾಯಿಲೆ ಜಾಸ್ತಿಯಾದ ಮೇಲೂ ಬಾಳುವ ಏರ್ಪಾಡುಗಳು ಬೇರೆಯೇ ಇವೆ. ಅವನ್ನು ಹಿರಿಯರ ಕೈಯಲ್ಲಿ ಇನ್ನೂ ಸಹಿ ಹಾಕಲು ಆಗುವಾಗಲೇ ಮಾಡಿಕೊಳ್ಳಬೇಕು. 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಇಷ್ಟು ಮನೆಗಳಲ್ಲಿ ಈ ಪ್ರಶ್ನೆ ಇಂದಲ್ಲ ನಾಳೆ ಏಳುತ್ತದೆ.

ಕಾಯಿಲೆ ಇದ್ದರೂ ಸಹಿ ನಡೆಯುತ್ತದೆ

ಎರಡನೇ ತಪ್ಪು ತಿಳಿವಳಿಕೆ ಇದಕ್ಕೆ ತದ್ವಿರುದ್ಧ. "ಡಾಕ್ಟರು ಡಿಮೆನ್ಷಿಯಾ ಅಂತ ಬರೆದುಬಿಟ್ಟರಲ್ಲ, ಇನ್ನು ಅಮ್ಮನ ಸಹಿಗೆ ಬೆಲೆಯಿಲ್ಲ" ಎಂದು ಕೈಚೆಲ್ಲುವುದು. ಕಾನೂನು ಹಾಗೆ ಹೇಳುವುದಿಲ್ಲ. ಕರಾರು ಕಾಯ್ದೆಯ 12ನೇ ಸೆಕ್ಷನ್ ಕೇಳುವುದು ಇಷ್ಟೇ: ಸಹಿ ಹಾಕುವ ಹೊತ್ತಿಗೆ ಆ ವಿಷಯ ಅರ್ಥವಾಗುತ್ತಿತ್ತೇ, ಅದರಿಂದ ತನಗೆ ಏನಾಗುತ್ತದೆ ಎಂದು ತೂಗಿ ನೋಡಲು ಆಗುತ್ತಿತ್ತೇ? ಬಹುಪಾಲು ಹೊತ್ತು ಬುದ್ಧಿ ಸ್ಥಿಮಿತದಲ್ಲಿ ಇಲ್ಲದವರೂ ಸರಿಯಿರುವ ಹೊತ್ತಿನಲ್ಲಿ ಕರಾರು ಮಾಡಬಹುದು ಎಂದು ಅದೇ ಸೆಕ್ಷನ್ ಹೇಳುತ್ತದೆ. ವಿಲ್ ವಿಷಯದಲ್ಲಿ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 59ನೇ ಸೆಕ್ಷನ್ನಿನ ಮಾತೂ ಹೀಗೆಯೇ ಇದೆ. ತಾನು ಏನು ಮಾಡುತ್ತಿದ್ದೇನೆ ಎಂಬ ಅರಿವು ಆ ಹೊತ್ತಿಗೆ ಇರಬೇಕು, ಅಷ್ಟೇ.

ಹಾಸನದ ಒಬ್ಬ ನಿವೃತ್ತ ಹೈಸ್ಕೂಲ್ ಮೇಷ್ಟ್ರು ಅಂದುಕೊಳ್ಳಿ. ಬೆಳಗ್ಗೆ ತಿಂಡಿ ಏನು ತಿಂದೆ ಎಂದು ಮಧ್ಯಾಹ್ನಕ್ಕೆ ನೆನಪಿಲ್ಲ. ಮಗಳು ಅವರನ್ನು ನರರೋಗ ತಜ್ಞರ ಹತ್ತಿರ ಕರೆತಂದಿದ್ದಾಳೆ. ಡಾಕ್ಟರು ಮಗಳನ್ನು ಹೊರಗೆ ಕೂರಿಸಿ ಮಾತಿಗೆ ತೊಡಗುತ್ತಾರೆ.

"ಮೇಷ್ಟ್ರೇ, ಇವತ್ತು ಯಾಕೆ ಬಂದಿದ್ದೀರಿ?"

"ವಿಲ್ ಬರೆಸಬೇಕಿತ್ತು. ನೀವು ನೋಡಿ ಬರೆದುಕೊಡ್ತೀರಿ ಅಂದ್ರು."

"ವಿಲ್ ಅಂದ್ರೆ?"

"ನಾನು ಹೋದ ಮೇಲೆ ಮನೆ ಯಾರಿಗೆ, ಜಮೀನು ಯಾರಿಗೆ ಅಂತ."

"ಏನೇನಿದೆ ನಿಮ್ಮ ಹೆಸರಲ್ಲಿ?"

"ಮನೆ ಇದೆ. ಊರಲ್ಲಿ ಎರಡು ಎಕರೆ ಇದೆ. ಬ್ಯಾಂಕಲ್ಲಿ ಎಷ್ಟಿದೆ ಅಂತ ಮಗಳಿಗೆ ಗೊತ್ತು, ನನಗೆ ಸರಿಯಾಗಿ ನೆನಪಿಲ್ಲ."

"ಯಾರಿಗೆ ಕೊಡ್ತೀರಿ?"

"ನನ್ನ ಹೆಂಡತಿ ಇರೋವರೆಗೂ ಅವಳಿಗೆ. ಆಮೇಲೆ ಮಕ್ಕಳಿಬ್ಬರಿಗೂ ಸಮ. ಒಬ್ಬರಿಗೆ ಜಾಸ್ತಿ ಮಾಡಿದ್ರೆ ಜಗಳ ಆಗುತ್ತೆ, ಅಲ್ವಾ?"

ಇವತ್ತು ತಾರೀಖು ಎಷ್ಟು ಎಂದು ಕೇಳಿದರೆ ಮೇಷ್ಟ್ರು ತಪ್ಪಬಹುದು. ಮುಖ್ಯಮಂತ್ರಿ ಯಾರು ಎಂದರೂ ತಡವರಿಸಬಹುದು. ಆದರೆ ವಿಲ್ ಎಂದರೇನು, ತನ್ನದೇನಿದೆ, ತನ್ನವರು ಯಾರು, ಹೀಗೆ ಹಂಚುವುದು ಏಕೆ ಎಂಬ ನಾಲ್ಕೂ ಅವರಿಗೆ ಗೊತ್ತಿದೆ. ಡಾಕ್ಟರು ಈ ಪ್ರಶ್ನೆ ಮತ್ತು ಉತ್ತರಗಳನ್ನೇ ಬರೆದು, "ಇಂಥ ದಿನ, ಇಷ್ಟು ಗಂಟೆಗೆ, ವಿಲ್ ಮಾಡುವ ತಿಳಿವಳಿಕೆ ಇವರಿಗೆ ಇತ್ತು" ಎಂದು ಪ್ರಮಾಣಪತ್ರ ಕೊಟ್ಟರೆ ಅದಕ್ಕೆ ನಿಜವಾದ ತೂಕ. "ಇವರಿಗೆ ಡಿಮೆನ್ಷಿಯಾ ಇದೆ, ಸ್ಥಿತಿ ಸಾಧಾರಣ" ಎಂದಷ್ಟೇ ಬರೆದ ಚೀಟಿ ನಾಳೆ ಕೋರ್ಟಿನಲ್ಲಿ ಯಾರ ಕಡೆಗೆ ಬೇಕಾದರೂ ವಾಲುತ್ತದೆ. ಆದ್ದರಿಂದ ಯಾವ ಕಾಗದಕ್ಕಾಗಿ ಪ್ರಮಾಣಪತ್ರ ಬೇಕೆಂದು ಡಾಕ್ಟರಿಗೆ ಮೊದಲೇ ಹೇಳಿ.

ಕೆಲವು ಸಣ್ಣ ವಿಷಯಗಳಿಗೆ ಗಮನ ಕೊಡಿ. ಡಿಮೆನ್ಷಿಯಾ ಇರುವ ಹಲವರಿಗೆ ಸಂಜೆಯಾದಂತೆ ಗೊಂದಲ ಹೆಚ್ಚುತ್ತದೆ, ಹಾಗಾಗಿ ಇಂಥ ಕೆಲಸವನ್ನು ಬೆಳಗಿನ ಹೊತ್ತು ಇಟ್ಟುಕೊಳ್ಳಿ. ಕನ್ನಡಕ, ಕಿವಿಯ ಮೆಷಿನ್ ಮರೆಯಬೇಡಿ. ಪರೀಕ್ಷೆ ಕನ್ನಡದಲ್ಲೇ ಆಗಲಿ ಎಂದೂ ಕೇಳಬಹುದು. ನೆನಪು ಮತ್ತು ಬುದ್ಧಿಶಕ್ತಿ ಅಳೆಯಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ರೂಪಿಸಿರುವ ಪರೀಕ್ಷೆಗಳ ಕಟ್ಟು ಕನ್ನಡದಲ್ಲೂ ಇದೆ. ಜೀವನವಿಡೀ ಕನ್ನಡದಲ್ಲಿ ಲೆಕ್ಕ ಹಾಕಿದವರನ್ನು ಇಂಗ್ಲಿಷಿನಲ್ಲಿ ಅಳೆದು "ಇವರಿಗೆ ತಿಳಿಯುವುದಿಲ್ಲ" ಎನ್ನುವುದು ಅನ್ಯಾಯ.

ವಿಲ್, ಟ್ರಸ್ಟ್ ಮತ್ತು ದಾನಪತ್ರ

ವಿಲ್ ಬರೆಯಲು ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ಕನ್ನಡದಲ್ಲೇ ಬರೆಯಬಹುದು. ಬರೆದವರು ಸಹಿ ಹಾಕಿದ್ದನ್ನು ಕಂಡ ಇಬ್ಬರು ಸಾಕ್ಷಿಗಳು ಸಹಿ ಮಾಡಬೇಕು. ನೋಂದಣಿ ಕಡ್ಡಾಯವಲ್ಲ. ಆದರೂ ಡಿಮೆನ್ಷಿಯಾ ಇರುವ ಮನೆಯಲ್ಲಿ ನೋಂದಾಯಿಸುವುದೇ ಒಳ್ಳೆಯದು ಎಂದು ನಾನು ಒತ್ತಿ ಹೇಳುತ್ತೇನೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಎದುರಿಗಿರುವವರ ಬುದ್ಧಿ ಸ್ವಾಧೀನದಲ್ಲಿಲ್ಲ ಎನಿಸಿದರೆ ಸಬ್ ರಿಜಿಸ್ಟ್ರಾರ್ ನೋಂದಣಿ ನಿರಾಕರಿಸಬೇಕು. ಅವರು ನಿರಾಕರಿಸಲಿಲ್ಲ ಎನ್ನುವುದೂ ಮುಂದೆ ಒಂದು ಆಧಾರವೇ. ಹಿರಿಯರಿಗೆ ಓಡಾಡಲು ಆಗದಿದ್ದರೆ ಕಾರಣ ತೋರಿಸಿ ಅರ್ಜಿ ಕೊಟ್ಟು ಅಧಿಕಾರಿಯನ್ನು ಮನೆಗೇ ಕರೆಸಿಕೊಳ್ಳಲು ಅದೇ ಕಾಯ್ದೆಯಲ್ಲಿ ಅವಕಾಶವಿದೆ.

ಸಾಕ್ಷಿಗಳಲ್ಲಿ ಒಬ್ಬರು ಡಾಕ್ಟರಾದರೆ ಬಹಳ ಒಳ್ಳೆಯದು. ಇನ್ನೊಬ್ಬರು ಹಿರಿಯರಿಗಿಂತ ಚಿಕ್ಕವರಾಗಿರಲಿ, ಏಕೆಂದರೆ ಸಾಕ್ಷಿ ಹೇಳಬೇಕಾದ ದಿನ ಅವರು ಇರಬೇಕಲ್ಲ. ಆಸ್ತಿ ಸಿಗುವವರು ಸಾಕ್ಷಿ ಹಾಕಬಾರದು, ಸಹಿಯ ಹೊತ್ತಿಗೆ ಆ ಕೋಣೆಯಲ್ಲೂ ಇರದಿದ್ದರೆ ಚೆನ್ನ. ಒಬ್ಬ ಮಗಳಿಗೆ ಜಾಸ್ತಿ ಕೊಡುವುದಿದ್ದರೆ ಕಾರಣವನ್ನು ವಿಲ್‌ನಲ್ಲೇ ಒಂದೆರಡು ಸಾಲು ಬರೆಸಿ. ಹಿರಿಯರು ತಮ್ಮದೇ ಮಾತಿನಲ್ಲಿ ಅದನ್ನು ಹೇಳುವ ವಿಡಿಯೊ ಇರಲಿ.

ಆದರೆ ವಿಲ್‌ಗೆ ಜೀವ ಬರುವುದು ಬರೆದವರು ಹೋದ ಮೇಲೆ. ಡಿಮೆನ್ಷಿಯಾದ ಕಷ್ಟವೆಲ್ಲ ಇರುವುದು ಅದಕ್ಕಿಂತ ಮುಂಚಿನ ವರ್ಷಗಳಲ್ಲಿ. ಡಿಮೆನ್ಷಿಯಾದ ಸಾಮಾನ್ಯ ಬಗೆಯಾದ ಆಲ್ಝೈಮರ್ಸ್ ಪತ್ತೆಯಾದ ಮೇಲೆ ಸಾಮಾನ್ಯವಾಗಿ ನಾಲ್ಕರಿಂದ ಎಂಟು ವರ್ಷ ಬದುಕುತ್ತಾರೆ, ಕೆಲವರು ಇಪ್ಪತ್ತು ವರ್ಷದವರೆಗೂ. ಅಷ್ಟೂ ಕಾಲ ಬಾಡಿಗೆ ವಸೂಲಿ ಮಾಡುವವರು, ಎಫ್‌ಡಿ ಮುರಿಯುವವರು, ಆಸ್ಪತ್ರೆಗೆ ದುಡ್ಡು ಕಟ್ಟುವವರು ಯಾರು?

ಈ ಜಾಗ ತುಂಬಲು ನಮ್ಮಲ್ಲಿರುವ ಗಟ್ಟಿ ದಾರಿ 1882ರ ಭಾರತೀಯ ಟ್ರಸ್ಟ್ ಕಾಯ್ದೆಯಡಿ ಮಾಡುವ ಖಾಸಗಿ ಟ್ರಸ್ಟ್. ಟ್ರಸ್ಟ್ ಎಂದಕೂಡಲೇ ದೊಡ್ಡ ದುಡ್ಡಿನವರ ವ್ಯವಹಾರ ಅಂದುಕೊಳ್ಳುತ್ತಾರೆ, ಹಾಗೇನಿಲ್ಲ. ಮೇಷ್ಟ್ರು ಬುದ್ಧಿ ಸರಿಯಿರುವಾಗ ತಮ್ಮ ಹಣವನ್ನೋ ಆಸ್ತಿಯನ್ನೋ ಒಂದು ಟ್ರಸ್ಟಿಗೆ ವಹಿಸುತ್ತಾರೆ. ಮಗಳು ಮತ್ತು ನಂಬಿಕೆಯ ಒಬ್ಬ ಸೋದರಳಿಯ ಟ್ರಸ್ಟಿಗಳು. ತಮ್ಮ ಮತ್ತು ಹೆಂಡತಿಯ ಆರೈಕೆಗೆ ಮೊದಲು ಖರ್ಚಾಗಬೇಕು, ಉಳಿದದ್ದು ಮಕ್ಕಳಿಗೆ ಎಂದು ಪತ್ರದಲ್ಲಿ ಬರೆಯುತ್ತಾರೆ. ಆಮೇಲೆ ಅವರ ನೆನಪು ಪೂರ್ತಿ ಹೋದರೂ ಟ್ರಸ್ಟ್ ನಡೆಯುತ್ತದೆ, ಏಕೆಂದರೆ ಈಗ ಸಹಿ ಮಾಡಬೇಕಾದವರು ಟ್ರಸ್ಟಿಗಳು. ಮನೆ, ನಿವೇಶನ ಸೇರಿಸಿದರೆ ನೋಂದಣಿ ಬೇಕು, ಛಾಪಾ ಶುಲ್ಕವೂ ಬೀಳುತ್ತದೆ. ಅದಕ್ಕೇ ಕೆಲವರು ಹಣವನ್ನಷ್ಟೇ ಟ್ರಸ್ಟಿಗೆ ಹಾಕಿ ಮನೆಯನ್ನು ವಿಲ್‌ಗೆ ಬಿಡುತ್ತಾರೆ. ಬಾಡಿಗೆ ಮನೆಗಳು, ನಾಲ್ಕಾರು ಎಫ್‌ಡಿ ಇರುವ ಕುಟುಂಬಕ್ಕೆ ಇದರಷ್ಟು ಉಪಕಾರಿ ಏರ್ಪಾಡು ಇನ್ನೊಂದಿಲ್ಲ. ಟ್ರಸ್ಟ್ ಪತ್ರ ಬರೆದು ಅಭ್ಯಾಸವಿರುವ ವಕೀಲರನ್ನೇ ಹುಡುಕಿ.

ಇನ್ನು ದಾನಪತ್ರ. "ಹೇಗೂ ನಿನಗೇ ತಾನೆ, ಈಗಲೇ ಬರೆದುಕೊಟ್ಟುಬಿಡ್ತೀನಿ" ಎನ್ನುವ ತಂದೆ ತಾಯಿ ಇದ್ದಾರೆ. ಇದರಲ್ಲಿ ಎರಡು ಕಡೆಗೂ ಅಪಾಯವಿದೆ. ಕೊಟ್ಟವರಿಗೆ ತಮ್ಮದೇ ಮನೆಯಲ್ಲಿ ನೆಲೆ ತಪ್ಪಬಹುದು. ಪಡೆದವರ ಮೇಲೆ ಉಳಿದ ಅಣ್ಣ ತಮ್ಮಂದಿರು ಕೇಸು ಹಾಕಬಹುದು. ವಯಸ್ಸು ಅಥವಾ ಕಾಯಿಲೆಯಿಂದ ಬುದ್ಧಿಶಕ್ತಿ ಕುಂದಿದವರ ಜೊತೆ ವ್ಯವಹಾರ ಮಾಡಿದವರನ್ನು ಕರಾರು ಕಾಯ್ದೆಯ 16ನೇ ಸೆಕ್ಷನ್ ಅನುಮಾನದಿಂದಲೇ ನೋಡುತ್ತದೆ. ಬರೆಯಲೇಬೇಕಾದರೆ, "ಕೊನೆಯವರೆಗೂ ನನ್ನನ್ನು ನೋಡಿಕೊಳ್ಳಬೇಕು" ಎಂಬ ಷರತ್ತು ಪತ್ರದಲ್ಲೇ ಇರಲಿ. ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಷರತ್ತು ಮುರಿದರೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿ ಆ ದಾನವನ್ನೇ ರದ್ದು ಮಾಡಬಹುದು. ಷರತ್ತು ಇದ್ದದ್ದನ್ನು ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2022ರ ಒಂದು ತೀರ್ಪಿನಲ್ಲಿ ಕಟ್ಟುನಿಟ್ಟಾಗಿ ಹೇಳಿತು. 2025ರ ಜನವರಿಯಲ್ಲಿ ಬಂದ ಇನ್ನೊಂದು ತೀರ್ಪು ಹಿರಿಯರ ಕಡೆಗೆ ಹೆಚ್ಚು ಉದಾರವಾಗಿದೆ. ಬರೆದಿಟ್ಟಿದ್ದರೆ ಈ ವಾದವೇ ಬರುವುದಿಲ್ಲ.

ಬ್ಯಾಂಕಿನಲ್ಲಿ

ಮರೆವಿನ ಕಾಯಿಲೆ ಎಷ್ಟೋ ಮನೆಗಳಲ್ಲಿ ಮೊದಲು ಕಾಣಿಸಿಕೊಳ್ಳುವುದೇ ದುಡ್ಡಿನಲ್ಲಿ. ಒಂದೇ ಬಿಲ್ಲನ್ನು ಎರಡು ಸಲ ಕಟ್ಟುವುದು, ಎಟಿಎಂ ಪಿನ್ ಮರೆಯುವುದು, ತರಕಾರಿಯವನಿಗೆ ಇನ್ನೂರರ ಬದಲು ಎರಡು ಐನೂರರ ನೋಟು ಕೊಡುವುದು, ವರ್ಷಗಟ್ಟಲೆ ತಪ್ಪದೆ ಕಟ್ಟಿದ ವಿಮೆಯ ಕಂತು ತಪ್ಪುವುದು. ಅಮೆರಿಕದಲ್ಲಿ 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕಾಯಿಲೆ ಪತ್ತೆಯಾಗುವ ಆರು ವರ್ಷ ಮೊದಲೇ ಬಿಲ್ ಕಟ್ಟುವುದು ತಪ್ಪಲು ಶುರುವಾಗಿದ್ದು ಕಂಡುಬಂತು. ಹಾಗಾಗಿ ಹಣದ ವಿಷಯದಲ್ಲಿ ಡಾಕ್ಟರ ಚೀಟಿಗೆ ಕಾಯುತ್ತಾ ಕೂರಬೇಡಿ.

ಮೊದಲ ಕೆಲಸ, ಏನೇನು ಎಲ್ಲೆಲ್ಲಿದೆ ಎಂದು ಬರೆದಿಡುವುದು. ಒಂದೇ ಸಲ ಕೂತು ವಿಚಾರಣೆ ಮಾಡಿದರೆ ಹಿರಿಯರಿಗೆ ಬೇಸರವಾಗುತ್ತದೆ. ಬೀರು ತೆಗೆದಾಗ, ಪಾಸ್‌ಬುಕ್ ಕೈಗೆ ಸಿಕ್ಕಾಗ, "ಅಪ್ಪ, ಈ ಅಂಚೆ ಕಚೇರಿ ಖಾತೆ ಇನ್ನೂ ಇದೆಯಾ?" ಎಂದು ಒಂದೊಂದೇ ಕೇಳಿ. ಸೇಲ್ ಡೀಡ್, ಖಾತಾ, ಪಹಣಿ, ಋಣಭಾರ ಪತ್ರ (ಇಸಿ), ಪಿಂಚಣಿ ಆದೇಶ, ಎಲ್ಐಸಿ ಬಾಂಡ್, ಸೊಸೈಟಿಯ ಷೇರು, ಲಾಕರ್ ಕೀ, ಯಾರಿಗೋ ಕೊಟ್ಟ ಕೈಸಾಲ ಎಲ್ಲವೂ ಪಟ್ಟಿಗೆ ಬರಲಿ. ಜಮೀನಿನ ಪಹಣಿ ಇನ್ನೂ ತಾತನ ಹೆಸರಲ್ಲೇ ಇದ್ದರೆ ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ), ವಿಭಾಗಪತ್ರದ ಕೆಲಸ ಈಗಲೇ ಹಚ್ಚಿಕೊಳ್ಳಿ. ಪಾಲುದಾರರಲ್ಲಿ ಒಬ್ಬರಿಗೆ ಸಹಿ ಹಾಕುವ ಬುದ್ಧಿ ಇಲ್ಲವಾದರೆ ಇಡೀ ಕುಟುಂಬದ ವಿಭಾಗ ಅಲ್ಲಿಗೇ ನಿಲ್ಲುತ್ತದೆ.

ಜಂಟಿ ಖಾತೆಯಲ್ಲಿ ಒಂದು ಸೂಕ್ಷ್ಮವಿದೆ. 'ಐದರ್ ಆರ್ ಸರ್ವೈವರ್' ಇದ್ದರೆ ಇಬ್ಬರಲ್ಲಿ ಯಾರು ಬೇಕಾದರೂ ಖಾತೆ ನಡೆಸಬಹುದು. 'ಫಾರ್ಮರ್ ಆರ್ ಸರ್ವೈವರ್' ಇದ್ದರೆ ಮೊದಲನೆಯವರು ಬದುಕಿರುವವರೆಗೂ ಎರಡನೆಯವರ ಸಹಿ ನಡೆಯುವುದಿಲ್ಲ. ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಯಾವುದಿದೆ ನೋಡಿ, ಎರಡನೆಯದಾದರೆ ಇವತ್ತೇ ಬದಲಾಯಿಸಿ. ಎಫ್‌ಡಿ ಮೇಲೆ 'ಐದರ್ ಆರ್ ಸರ್ವೈವರ್' ಇದ್ದರೂ ಅವಧಿಗೆ ಮುಂಚೆ ಮುರಿಯಲು ಬ್ಯಾಂಕು ಇಬ್ಬರ ಸಹಿಯನ್ನೂ ಕೇಳಬಹುದು. ಆಸ್ಪತ್ರೆಗೆ ದುಡ್ಡು ಬೇಕಾದ ರಾತ್ರಿ ಇದು ಗೊತ್ತಾದರೆ ಕಷ್ಟ. ಅವಧಿಗೆ ಮೊದಲೇ ಒಬ್ಬರೇ ತೆಗೆಯಬಹುದು ಎಂದು ಈಗಲೇ ಬರೆದುಕೊಡಲು ಆಗುತ್ತದೆಯೇ ಎಂದು ಶಾಖೆಯಲ್ಲಿ ಕೇಳಿ.

ನಾಮಿನಿ ಹೆಸರು ಇದೆಯಲ್ಲ ಎಂದು ನಿಶ್ಚಿಂತೆಯಿಂದ ಇರುವವರಿಗೆ ಒಂದು ಮಾತು. ನಾಮಿನಿಗೆ ಖಾತೆದಾರರು ಬದುಕಿರುವಾಗ ಯಾವ ಅಧಿಕಾರವೂ ಇಲ್ಲ. ಹೋದ ಮೇಲೂ ಅವರು ಹಣ ಪಡೆದು ವಾರಸುದಾರರಿಗೆ ಮುಟ್ಟಿಸಬೇಕಾದವರು ಮಾತ್ರ. 1984ರಿಂದ ಸುಪ್ರೀಂ ಕೋರ್ಟ್ ಇದನ್ನು ಹೇಳುತ್ತಲೇ ಬಂದಿದೆ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರು ನಾಮಿನಿಗಳನ್ನು ಹಾಕಬಹುದು, ಅದು ಒಳ್ಳೆಯದೇ. ಆದರೆ ಡಿಮೆನ್ಷಿಯಾದ ವರ್ಷಗಳಿಗೆ ಅದರಿಂದ ಏನೂ ಉಪಯೋಗವಿಲ್ಲ.

ಎಟಿಎಂ ಕಾರ್ಡು ಮಗನ ಹತ್ತಿರ, ಪಿನ್ ಸೊಸೆಗೆ ಗೊತ್ತು, ಹಾಗೇ ಸಂಸಾರ ನಡೆಯುತ್ತಿರುತ್ತದೆ. ಎಷ್ಟೋ ಮನೆಗಳ ಕಥೆ ಇದೇ. ಅದು ಬ್ಯಾಂಕಿನ ನಿಯಮಕ್ಕೆ ವಿರುದ್ಧ, ಮತ್ತು ನಾಳೆ ಇನ್ನೊಬ್ಬ ಮಗ ಬಂದು ಲೆಕ್ಕ ಕೇಳಿದರೆ ನಿಮ್ಮ ಕೈಯಲ್ಲಿ ಯಾವ ಕಾಗದವೂ ಇರುವುದಿಲ್ಲ. ಅದಕ್ಕಿಂತ ಹಿರಿಯರ ಒಪ್ಪಿಗೆಯಿಂದ ಖಾತೆಯನ್ನು ಜಂಟಿ ಮಾಡಿ. ಅವರ ಕೈಖರ್ಚಿಗೆ ಬೇರೆಯೇ ಸಣ್ಣ ಖಾತೆ ಇರಲಿ, ಅದರಲ್ಲಿ ನಾಲ್ಕೈದು ಸಾವಿರ ಮಾತ್ರ ಇರಲಿ. ಜೇಬಿನಲ್ಲಿ ಒಂದಿಷ್ಟು ದುಡ್ಡಿರುವುದು, ಹಾಲಿನವನಿಗೆ ತಾನೇ ಕೊಡುವುದು ಅವರಿಗೆ ದೊಡ್ಡ ವಿಷಯ. ಅದನ್ನು ಕಿತ್ತುಕೊಳ್ಳಬೇಡಿ. ಯುಪಿಐ ಮಿತಿ ಇಳಿಸಿ. "ಡಿಜಿಟಲ್ ಅರೆಸ್ಟ್" ಎಂದು ಹೆದರಿಸುವ ಕಳ್ಳರಿಗೆ ಇಂಥ ಹಿರಿಯರು ಸುಲಭವಾಗಿ ಸಿಕ್ಕಿಬೀಳುತ್ತಾರೆ. ಹಣ ಹೋಗಿದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಆಧಾರ್, ಬ್ಯಾಂಕ್, ಪಾನ್ ಎಲ್ಲಕ್ಕೂ ಜೋಡಿಸಿದ ಹಳೇ ಸಿಮ್ ರೀಚಾರ್ಜ್ ಇಲ್ಲದೆ ಸಾಯದಂತೆ ನೋಡಿಕೊಳ್ಳಿ. ಆ ನಂಬರ್ ಹೋದರೆ ಒಂದೊಂದು ಒಟಿಪಿಗೂ ಅಲೆಯಬೇಕು. ಆರೋಗ್ಯ ವಿಮೆಯ ಕಂತು ಆಟೋ ಡೆಬಿಟ್‌ಗೆ ಹಾಕಿಸಿ. ಒಮ್ಮೆ ಪಾಲಿಸಿ ಲ್ಯಾಪ್ಸ್ ಆದರೆ ಡಿಮೆನ್ಷಿಯಾ ಇರುವವರಿಗೆ ಹೊಸದು ಸಿಗುವುದು ಬಹಳ ಕಷ್ಟ.

ಹಾಸಿಗೆ ಹಿಡಿದವರ ಪಿಂಚಣಿ ತೆಗೆಯುವುದು ಹೇಗೆ? ಸಹಿ ಮಾಡಲು ಆಗದವರ ಹೆಬ್ಬೆಟ್ಟನ್ನು ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸಾಕ್ಷಿಗಳ ಎದುರು ಪಡೆಯಬಹುದು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು ಎನ್ನುತ್ತದೆ ರಿಸರ್ವ್ ಬ್ಯಾಂಕಿನ ನಿಯಮ. 70 ದಾಟಿದವರಿಗೆ ಮನೆ ಬಾಗಿಲಲ್ಲೇ ಸೇವೆ ಕೊಡಬೇಕೆಂದು 2017ರ ನವೆಂಬರ್‌ನಲ್ಲಿ ಅದೇ ರಿಸರ್ವ್ ಬ್ಯಾಂಕ್ ಹೇಳಿದೆ. ಶಾಖೆಯಲ್ಲಿ ಇಲ್ಲ ಎಂದರೆ ಈ ನಿಯಮವನ್ನು ಉಲ್ಲೇಖಿಸಿ ಬರವಣಿಗೆಯಲ್ಲಿ ಕೇಳಿ. ನವೆಂಬರ್‌ನ ಲೈಫ್ ಸರ್ಟಿಫಿಕೇಟಿಗೆ ಈಗ ಮುಖ ತೋರಿಸಿ ಮೊಬೈಲಿನಲ್ಲೇ ದೃಢೀಕರಿಸಬಹುದು. ಬೆರಳಚ್ಚು ಸವೆದ ಹಿರಿಯರಿಗೆ ಇದು ವರ.

ಚಿಕಿತ್ಸೆಯ ತೀರ್ಮಾನ ಯಾರದು

ಆಸ್ತಿಯ ಕಾಗದ ಬೇರೆ, ಚಿಕಿತ್ಸೆಯ ಕಾಗದ ಬೇರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ವ್ಯಾಖ್ಯಾನದಲ್ಲಿ ನೆನಪು ಮತ್ತು ತಿಳಿವಳಿಕೆಯ ತೀವ್ರ ತೊಂದರೆಗಳೂ ಸೇರುತ್ತವೆ. ಅದರ 14ನೇ ಸೆಕ್ಷನ್ನಿನಂತೆ, ತನ್ನ ಪರವಾಗಿ ನಿಲ್ಲುವ ನಾಮನಿರ್ದೇಶಿತ ಪ್ರತಿನಿಧಿ ಯಾರೆಂದು ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿದರೆ ಸಾಕು. ಆ ಪ್ರತಿನಿಧಿಗೆ ಚಿಕಿತ್ಸೆಯ ವಿಷಯದಲ್ಲಿ ಮಾತ್ರ ಮಾತು, ಬ್ಯಾಂಕಿನಲ್ಲಿ ಅದು ನಡೆಯುವುದಿಲ್ಲ.

ಕೊನೆಯ ಹಂತದಲ್ಲಿ ವೆಂಟಿಲೇಟರ್ ಬೇಕೇ, ಮೂಗಿನ ನಳಿಗೆ ಬೇಕೇ ಎಂಬ ಪ್ರಶ್ನೆಗೆ ಜೀವಂತ ಉಯಿಲು ಇದೆ, ಅಂದರೆ ತನಗೆ ಇಂಥ ಚಿಕಿತ್ಸೆ ಬೇಕೇ ಬೇಡವೇ ಎಂದು ಮೊದಲೇ ಬರೆದಿಡುವ ಪತ್ರ. ಸುಪ್ರೀಂ ಕೋರ್ಟ್ 2018ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟು, 2023ರ ಜನವರಿಯಲ್ಲಿ ವಿಧಾನವನ್ನು ಸರಳ ಮಾಡಿತು. ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಬೇಕು. ಇದನ್ನು ಜಾರಿಗೆ ತರುವ ಆದೇಶವನ್ನು ಕರ್ನಾಟಕ ಸರ್ಕಾರ 2025ರ ಜನವರಿ ಕೊನೆಯಲ್ಲಿ ಹೊರಡಿಸಿತು. ಮಕ್ಕಳು ಐಸಿಯು ಬಾಗಿಲಲ್ಲಿ ನಿಂತು ಪರಸ್ಪರ ಮುಖ ನೋಡಿಕೊಳ್ಳುವ ಸ್ಥಿತಿ ಬಹಳ ನೋವಿನದು. ಅಮ್ಮನ ಮಾತು ಅಮ್ಮನ ಸಹಿಯೊಂದಿಗೇ ಇದ್ದರೆ ಅವರ ಹೆಗಲಿನ ಭಾರ ಇಳಿಯುತ್ತದೆ.

ನೋಡಿಕೊಳ್ಳುವವರ ವಿಲ್ ಎಲ್ಲಿ?

ಎಲ್ಲರೂ ಕಾಯಿಲೆಯವರ ಕಾಗದಗಳ ಹಿಂದೆ ಬೀಳುತ್ತಾರೆ. ನೋಡಿಕೊಳ್ಳುತ್ತಿರುವ ಹೆಂಡತಿಯ ಕಾಗದಗಳತ್ತ ಯಾರೂ ನೋಡುವುದಿಲ್ಲ. ಮೇಷ್ಟ್ರ ಹೆಂಡತಿಗೆ 70 ದಾಟಿದೆ, ಬಿಪಿ ಇದೆ, ರಾತ್ರಿ ನಿದ್ದೆಯಿಲ್ಲ. ಅವರೇ ಮೊದಲು ಹೋಗಿಬಿಟ್ಟರೆ?

ಅವರ ಹೆಸರಿನ ಎಫ್‌ಡಿಗೆ ನಾಮಿನಿ ಯಾರು ಎಂದರೆ ಮೇಷ್ಟ್ರು. ಹತ್ತು ವರ್ಷದ ಹಿಂದೆ ಬರೆದ ವಿಲ್‌ನಲ್ಲಿ "ನನ್ನದೆಲ್ಲ ನನ್ನ ಯಜಮಾನರಿಗೆ" ಎಂದಿದೆ. ವಿಲ್ ಇಲ್ಲದಿದ್ದರೂ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಆಕೆಯ ಆಸ್ತಿಯಲ್ಲಿ ಮಕ್ಕಳ ಜೊತೆಗೆ ಗಂಡನಿಗೂ ಪಾಲು ಬರುತ್ತದೆ. ಹೇಗೆ ನೋಡಿದರೂ ಆಸ್ತಿ ಹೋಗಿ ಸೇರುವುದು ಸಹಿ ಹಾಕಲಾಗದವರ ಕೈಗೆ. ಅದನ್ನು ಅವರ ಆರೈಕೆಗೆ ಬಳಸಬೇಕಾದರೂ ಮಕ್ಕಳು ಕೋರ್ಟ್ ಮೆಟ್ಟಿಲು ಹತ್ತಬೇಕು.

ಆದ್ದರಿಂದ ಆಕೆ ತನ್ನ ವಿಲ್ ಹೊಸದಾಗಿ ಬರೆಯಬೇಕು. ಮನೆ ಮಕ್ಕಳಿಗೆ, ಆದರೆ ಗಂಡನಿಗೆ ಬದುಕಿರುವವರೆಗೂ ಅಲ್ಲಿ ವಾಸಿಸುವ ಹಕ್ಕು. ಹಣವೆಲ್ಲ ಟ್ರಸ್ಟಿಗೆ ಅಥವಾ ನಂಬಿಕೆಯ ನಿರ್ವಾಹಕರ ಕೈಗೆ, ಗಂಡನ ಆರೈಕೆಗೇ ಬಳಸಬೇಕು ಎಂಬ ಷರತ್ತಿನೊಂದಿಗೆ. ನಾಮಿನಿ ಹೆಸರುಗಳೂ ಬದಲಾಗಲಿ. ಚಿಕಿತ್ಸೆಯ ಪ್ರತಿನಿಧಿಯಾಗಿ ಆಕೆಯ ಹೆಸರಿದ್ದರೆ, ಆಕೆಯ ನಂತರ ಯಾರು ಎಂದೂ ಬರೆದಿಡಿ. ಗಂಡನಿಗೆ ಏನೂ ಕೊಡದೆ ಹೋದೆನಲ್ಲ ಎಂಬ ಅಳುಕು ಅವರಿಗೆ ಕಾಡಬಹುದು. ಇದು ಗಂಡನಿಗಾಗಿಯೇ ಮಾಡುವ ಏರ್ಪಾಡು ಎಂದು ಮಕ್ಕಳು ಪಕ್ಕದಲ್ಲಿ ಕೂತು ಸಮಾಧಾನವಾಗಿ ಹೇಳಬೇಕು.

ತಡವಾಗಿಬಿಟ್ಟಿದ್ದರೆ

ಯಾವ ಕಾಗದವೂ ಆಗಿಲ್ಲ, ಈಗ ಹಿರಿಯರಿಗೆ ಏನೂ ತಿಳಿಯುತ್ತಿಲ್ಲ. ಇಲ್ಲಿ ನಮ್ಮ ಕಾನೂನಿನ ದೊಡ್ಡ ಕೊರತೆ ಎದುರಾಗುತ್ತದೆ. 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಇಂಥವರ ಆಸ್ತಿ ನೋಡಿಕೊಳ್ಳಲು ವ್ಯವಸ್ಥಾಪಕರನ್ನು ನೇಮಿಸಲು ಜಿಲ್ಲಾ ನ್ಯಾಯಾಲಯಕ್ಕೆ ಅಧಿಕಾರವಿತ್ತು. ಅದನ್ನು ತೆಗೆದು ತಂದ 2017ರ ಕಾಯ್ದೆಯಲ್ಲಿ ಆಸ್ತಿಯ ಮಾತೇ ಇಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾ ಮಟ್ಟದಲ್ಲೇ ಪಾಲಕರನ್ನು ನೇಮಿಸುತ್ತಾರೆ, ಆದರೆ ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹು ಅಂಗವೈಕಲ್ಯ ಇರುವವರಿಗೆ. ಡಿಮೆನ್ಷಿಯಾ ಅದರ ಪಟ್ಟಿಯಲ್ಲಿಲ್ಲ. ಲಕ್ಷಾಂತರ ಕುಟುಂಬಗಳು ಸಿಕ್ಕಿಬಿದ್ದಿರುವ ಈ ಸಂದನ್ನು ಶಾಸನಸಭೆಗಳು ಇಷ್ಟು ದಿನ ಹಾಗೇ ಬಿಟ್ಟಿರುವುದು ನನಗೆ ಸರಿಕಾಣುವುದಿಲ್ಲ.

ಆದ್ದರಿಂದ ಕುಟುಂಬಗಳು ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕುತ್ತಾರೆ. ತನ್ನನ್ನು ತಾನು ನೋಡಿಕೊಳ್ಳಲಾಗದವರಿಗೆ ಕೋರ್ಟೇ ತಂದೆ ತಾಯಿಯ ಸ್ಥಾನದಲ್ಲಿ ನಿಂತು ಪಾಲಕರನ್ನು ನೇಮಿಸುತ್ತದೆ. ಕೋಮಾದಲ್ಲಿದ್ದ ರೋಗಿಗಳ ವಿಷಯದಲ್ಲಿ ಕೇರಳ ಹೈಕೋರ್ಟ್ 2019ರಲ್ಲಿ ಕೊಟ್ಟ ಮಾರ್ಗಸೂಚಿ ನೋಡಿದರೆ ಇಂಥ ಅರ್ಜಿಯಲ್ಲಿ ಏನೇನು ಕೇಳುತ್ತಾರೆ ಎಂದು ತಿಳಿಯುತ್ತದೆ. ವೈದ್ಯರ ಮಂಡಳಿಯ ಪರೀಕ್ಷೆ, ಎಲ್ಲ ವಾರಸುದಾರರ ವಿವರ, ಆಸ್ತಿಯ ಪೂರ್ತಿ ಪಟ್ಟಿ, ತಹಶೀಲ್ದಾರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಭೇಟಿ ಇವೆಲ್ಲ ಇವೆ. ಪಾಲಕರಾದವರು ಆರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸಬೇಕು. ಅಣ್ಣ ತಮ್ಮ ಅಕ್ಕ ತಂಗಿಯರೆಲ್ಲ ಒಪ್ಪಿ ಬರೆದುಕೊಟ್ಟರೆ ದಾರಿ ಸಲೀಸು. ಒಬ್ಬರು ಅಡ್ಡ ನಿಂತರೂ ವರ್ಷ ಉರುಳುತ್ತದೆ.

ವಕೀಲರ ಖರ್ಚಿಗೆ ಹೆದರಬೇಡಿ. ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವಿದೆ, ಅಂಗವಿಕಲರಿಗೂ ಇದೆ. ಸಹಾಯವಾಣಿ 15100. ಹಿರಿಯರ ಮೇಲೆ ದೌರ್ಜನ್ಯ ನಡೆಯುತ್ತಿದ್ದರೆ 14567, ಬೆಂಗಳೂರಿನಲ್ಲಿ 1090. ನೋಡಿಕೊಳ್ಳುವವರಿಗೇ ಮನಸ್ಸು ಕುಸಿದರೆ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಖರ್ಚು ಮತ್ತು ಲೆಕ್ಕ

ಆರೋಗ್ಯ ವಿಮೆ ಹೆಚ್ಚಾಗಿ ಆಸ್ಪತ್ರೆಗೆ ಸೇರಿದಾಗಿನ ಖರ್ಚು ಕೊಡುತ್ತದೆ. ಡಿಮೆನ್ಷಿಯಾದ ನಿಜವಾದ ಖರ್ಚು ಮನೆಯಲ್ಲಿದೆ: ಹಗಲು ರಾತ್ರಿ ನೋಡಿಕೊಳ್ಳುವವರ ಸಂಬಳ, ಡೈಪರ್, ಫಿಸಿಯೋಥೆರಪಿ. ನಿಮ್ಮ ಊರಿನಲ್ಲಿ ಆರೈಕೆಗೆ ಬರುವವರು ತಿಂಗಳಿಗೆ ಎಷ್ಟು ಕೇಳುತ್ತಾರೆ ವಿಚಾರಿಸಿ, ವರ್ಷಕ್ಕೆ ಲೆಕ್ಕ ಹಾಕಿ, ಎಂಟು ವರ್ಷಕ್ಕೆ ಹರಡಿ ನೋಡಿ. ಆ ಮೊತ್ತ ನೋಡಿದ ಮೇಲೆ ಮನೆಯ ಒಂದು ಭಾಗ ಬಾಡಿಗೆಗೆ ಕೊಡುವುದೋ ನಿವೇಶನ ಮಾರುವುದೋ ಎಂಬ ಮಾತು ಬೇಗ ಎತ್ತಬಹುದು. ಮಾರಲು ಸಹಿ ಬೇಕಲ್ಲ.

ತೆರಿಗೆಯಲ್ಲಿ ಒಂದು ರಿಯಾಯಿತಿ ಇದೆ. 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿಬಿ ಸೆಕ್ಷನ್ನಿನ ಕಾಯಿಲೆಗಳ ಪಟ್ಟಿಯಲ್ಲಿ ಡಿಮೆನ್ಷಿಯಾ ಹೆಸರು ನೇರವಾಗಿ ಇತ್ತು. ಅಂಗವೈಕಲ್ಯ ಶೇಕಡ 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರ ಇದ್ದು, ನರರೋಗ ತಜ್ಞರ ಚೀಟಿಯೂ ಇದ್ದರೆ ಹಿರಿಯ ನಾಗರಿಕರ ಚಿಕಿತ್ಸೆಗೆ 1 ಲಕ್ಷ ರೂಪಾಯಿವರೆಗೆ ಕಡಿತ. ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ ಇದು. 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಯಾಗಿ ಸೆಕ್ಷನ್ ಸಂಖ್ಯೆಗಳೆಲ್ಲ ಬದಲಾಗಿವೆ, ಹಾಗಾಗಿ ಆಡಿಟರ್ ಹತ್ತಿರ ಕಾಯಿಲೆಯ ಹೆಸರು ಹೇಳಿಯೇ ಕೇಳಿ.

ಯಾರು ನೋಡಿಕೊಳ್ಳುತ್ತಾರೋ ಅವರು ಒಂದು ನೋಟ್‌ಬುಕ್ ಇಡಬೇಕು. ತಾರೀಖು, ಎಷ್ಟು, ಯಾವುದಕ್ಕೆ, ಯಾರ ಖಾತೆಯಿಂದ. ಬಿಲ್‌ಗಳ ಫೋಟೊ ತೆಗೆದು ಅಣ್ಣ ತಂಗಿಯರ ವಾಟ್ಸಾಪ್ ಗುಂಪಿಗೆ ತಿಂಗಳಿಗೊಮ್ಮೆ ಹಾಕಿ. ಕೆಲಸ ಬಿಟ್ಟು ಅಮ್ಮನನ್ನು ನೋಡಿಕೊಳ್ಳುತ್ತಿರುವ ಮಗಳಿಗೆ ಅಮ್ಮನ ಹಣದಿಂದ ತಿಂಗಳಿಗೆ ಇಷ್ಟು ಎಂದು ಕೊಡುವುದಾದರೆ, ಅಮ್ಮನಿಗೆ ತಿಳಿವಳಿಕೆ ಇರುವಾಗಲೇ ಎಲ್ಲರೂ ಕೂತು ಮಾತಾಡಿ, ಒಂದು ಹಾಳೆಯಲ್ಲಿ ಬರೆದು, ಅಮ್ಮನ ಸಹಿಯೊಂದಿಗೆ ಎಲ್ಲರ ಸಹಿಯನ್ನೂ ಹಾಕಿಸಿ. ವಿದೇಶದಲ್ಲಿರುವ ಮಗ ವಿಡಿಯೊ ಕಾಲ್‌ನಲ್ಲಿ ಕೂತರೂ ಆಗುತ್ತದೆ, ಅವನ ಒಪ್ಪಿಗೆ ಇಮೇಲ್‌ನಲ್ಲಿ ಬರಲಿ.